ಭಟ್ಟಿಯವನ ಊಟ, ಹೆಂಡತಿಯ ನಿದ್ದೆ

ಮದುವೆಯಾದ ಹೊಸದರಲ್ಲಿ ನಾನು ದಿನಾ ಬೆಳಿಗ್ಗೆ ಕಂಕುಳಲ್ಲಿ ಒಂದು ಬ್ರೆಡ್ ಇಟ್ಟುಕೊಂಡು ಮನೆಗೆ ಬರುತ್ತಿದ್ದೆ. ಈಗಿನವರಿಗೆ ಇದರಲ್ಲೇನು ವಿಶೇಷ ಎನ್ನಿಸಬಹುದು. ಯುದ್ಧದ ಆ ವರ್ಷಗಳಲ್ಲಿ, ಹಲಸೂರಿನ ನಮ್ಮ ಗಲ್ಲಿಯಲ್ಲಿ, ಬ್ರೆಡ್ ಎಂದರೆ ಕಾಯಿಲೆಯವರ ಆಹಾರ. ಜ್ವರ ಬಂದು ಬಾಯಿ ಕೆಟ್ಟವರಿಗೆ ಹಾಲಿನಲ್ಲಿ ಅದ್ದಿ ತಿನ್ನಿಸುವ ಪದಾರ್ಥ. ಬ್ರೆಡ್ ಹಿಡಿದವನು ಎದುರಿಗೆ ಬಂದರೆ ಜನ ನಿಂತು, ದನಿ ತಗ್ಗಿಸಿ, "ಯಾರಿಗಪ್ಪಾ ಹುಷಾರಿಲ್ಲ?" ಎಂದು ಕೇಳುತ್ತಿದ್ದರು.

ಯಾರಿಗೂ ಹುಷಾರು ತಪ್ಪಿರಲಿಲ್ಲ. ನಾನು ಬ್ರೆಡ್ ಮಾಡುವವನು. ಜನ ಇನ್ನೂ ಬ್ಲಾಕ್‌ಪಲ್ಲಿ ಎಂದೇ ಕರೆಯುತ್ತಿದ್ದ ಶಿವಾಜಿನಗರದ ಒಂದು ಬೇಕರಿಯಲ್ಲಿ ಸೌದೆ ಭಟ್ಟಿ ನನ್ನ ಕೈಯಲ್ಲಿತ್ತು. ಓದು ನನಗೆ ಹತ್ತಲಿಲ್ಲ. ಹತ್ತಲಿಲ್ಲ ಅನ್ನುವುದಕ್ಕಿಂತ, ಅದು ಹತ್ತುವವರೆಗೆ ನಾನು ಕಾಯಲಿಲ್ಲ. ಮೀಸೆ ಮೂಡುವ ಮೊದಲೇ ಹಿಟ್ಟಿಗೆ ಕೈ ಹಾಕಿದವನು. ಭಟ್ಟಿಯ ಬಾಯಿಗೆ ಅಂಗೈ ಒಡ್ಡಿದರೆ ಸಾಕು, ಅದು ಬ್ರೆಡ್ಡಿಗೆ ಕಾದಿದೆಯೋ ಬನ್ನಿಗೆ ಕಾದಿದೆಯೋ ಹೇಳುತ್ತಿದ್ದೆ. ಇದನ್ನು ಜಂಬ ಎಂದರೂ ನನಗೆ ಬೇಸರವಿಲ್ಲ. ಜಂಬವೇ. ಕಂಟೋನ್ಮೆಂಟಿನಲ್ಲಿ ಎಲ್ಲಿ ನೋಡಿದರೂ ಸೋಲ್ಜರುಗಳು, ಅವರು ಕಣ್ಣು ಬಿಡುವಷ್ಟರಲ್ಲಿ ಬ್ಯಾರಕ್ಕಿಗೆ ಬಿಸಿ ಬ್ರೆಡ್ ಮುಟ್ಟಬೇಕು, ಅದು ಮುಟ್ಟುವುದು ನನ್ನಿಂದ. ಹೀಗೆ ಅಂದುಕೊಂಡೇ ನಾನು ರಸ್ತೆಯಲ್ಲಿ ಎದೆ ಮುಂದೆ ಮಾಡಿಕೊಂಡು ನಡೆಯುತ್ತಿದ್ದೆ.

ಈ ಕೆಲಸದವನಿಗೆ ಲೋಕದ ಹಗಲು ರಾತ್ರಿ, ಲೋಕದ ರಾತ್ರಿ ಹಗಲು. ದೀಪ ಹಚ್ಚುವ ಹೊತ್ತಿಗೆ ಹೋಗುವುದು, ಹೊತ್ತು ಹುಟ್ಟಿದ ಮೇಲೆ ಬರುವುದು. ನಡುವೆ ಚಾ ಬಿಟ್ಟರೆ ಬೇರೆ ಏನೂ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಮನೆಗೆ ಬಂದು, ಸ್ನಾನ ಮಾಡಿ, ಮುದ್ದೆ ಸಾರು ಉಂಡು, ಕಿಟಕಿಗೆ ಗೋಣಿತಟ್ಟು ಕಟ್ಟಿ ಮಲಗಿದರೆ ಏಳುವುದು ಬಿಸಿಲು ಇಳಿದ ಮೇಲೆ. ಒಂಟಿಯಾಗಿದ್ದಾಗ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ.

ಆಮೇಲೆ ನನ್ನ ಸೋದರಮಾವನ ಮಗಳನ್ನು ತಂದುಕೊಂಡೆ. ಕೃಷ್ಣರಾಜಪುರದ ಆಚೆಯ ನಮ್ಮ ಹಳ್ಳಿಯವಳೇ. ಬಂದವಳು ಮೊದಲ ದಿನದಿಂದ ನನ್ನ ಹೊತ್ತಿಗೆ ತಕ್ಕಂತೆ ಮನೆ ನಡೆಸಿದಳು. ಬೆಳಿಗ್ಗೆ ನಾನು ಒಳಗೆ ಕಾಲಿಟ್ಟರೆ ಮುದ್ದೆ ಬಿಸಿ, ಸಾರು ಬಿಸಿ. ನಾನು ಉಂಡ ಮೇಲೆ ಅವಳೂ ಕುಳಿತು ಉಣ್ಣುವಳು. ಉಣ್ಣುವುದೆಂದರೆ ಸಂಕೋಚದ ಉಣ್ಣುವಿಕೆಯಲ್ಲ, ಗದ್ದೆ ಕೆಲಸ ಮುಗಿಸಿ ಬಂದವರು ಉಣ್ಣುವ ಹಾಗೆ. 'ಪರವಾಗಿಲ್ಲ, ನಮ್ಮವಳು ಗಟ್ಟಿ. ರಾತ್ರಿ ಉಂಡು ಮಲಗಿದವಳು ಬೆಳಿಗ್ಗೆಗೇ ಇಷ್ಟು ಉಣ್ಣುತ್ತಾಳೆ' ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಉಂಡವಳು ಪಾತ್ರೆ ಕವುಚಿ ತಾನೂ ಮಲಗುವಳು. ನಾನು ಎದ್ದಾಗಲೂ ಮಲಗಿರುವಳು. ಹೊಸ ಹುಡುಗಿ, ತವರಿನಲ್ಲಿ ದುಡಿದು ದಣಿದಿದ್ದಾಳೆ, ನನ್ನ ಮನೆಯಲ್ಲಿ ಸುಖವಾಗಿರಲಿ ಎಂದುಕೊಂಡೆ.

ಪಕ್ಕದ ಮನೆಯಲ್ಲಿ ಒಬ್ಬ ತಮಿಳು ಹೆಂಗಸಿದ್ದರು. ಗಲ್ಲಿಯ ಹೆಂಗಸರೆಲ್ಲ ಅವರನ್ನು ಅಕ್ಕಾ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಅವರು ಕೊಳಾಯಿಯ ಹತ್ತಿರ ನನ್ನನ್ನು ಹಿಡಿದರು.

"ಏನ್ ತಂಬಿ, ಸಿಹಿ ಸುದ್ದಿಯಾ?"

"ಯಾವ ಸುದ್ದಿ ಅಕ್ಕಾ?"

"ಹಗಲೆಲ್ಲ ಮಲಗಿರ್ತಾಳೆ ಹುಡುಗಿ. ದಿನಾ ಬ್ರೆಡ್ ಬೇರೆ ತರ್ತೀಯ. ನನಗೇನು ಕಣ್ಣಿಲ್ವಾ?"

ನಾನು ಹೆಂಡತಿಯನ್ನು ಕೇಳಿದೆ. ಅವಳು ಮುಖ ಕೆಂಪಗೆ ಮಾಡಿಕೊಂಡು, "ಅಂಥದ್ದೇನೂ ಇಲ್ಲ, ಸುಮ್ನಿರಿ" ಎಂದಳು. ಅಕ್ಕನಿಗೆ ಹಾಗೇ ಹೇಳಿದೆ. ಅದೇ ತಪ್ಪಾಯಿತು. ಸಿಹಿ ಸುದ್ದಿ ಅಲ್ಲವೆಂದ ಮೇಲೆ ಕಾಯಿಲೆಯೇ ಇರಬೇಕಲ್ಲ! ನಾಲ್ಕು ದಿನದಲ್ಲಿ ಗಲ್ಲಿಯಲ್ಲಿ ಎರಡು ಪಕ್ಷಗಳಾದವು. ಭಟ್ಟಿಯವನ ಹೆಂಡತಿಗೆ ಒಳಜ್ವರ ಎಂದು ಕೆಲವರು. ಬ್ರೆಡ್ ಉಬ್ಬಲು ಹೆಂಡ ಬೆರೆಸುತ್ತಾರೆ, ಅದನ್ನು ದಿನಾ ತಿಂದು ಮಂಪರಾಗಿ ಬಿದ್ದಿರುತ್ತಾಳೆ ಎಂದು ಇನ್ನು ಕೆಲವರು. ನನ್ನ ಬ್ರೆಡ್ಡಿನ ಮೇಲೆ ಹೊರಿಸಿದ ಎರಡನೆಯ ಮಾತಿಗೆ ನನಗೆ ಹೆಚ್ಚು ಸಿಟ್ಟು ಬಂತು.

ನಮ್ಮ ಹಳ್ಳಿಯಿಂದ ಮಂಗಳವಾರ, ಶುಕ್ರವಾರ ಸೊಪ್ಪಿನ ಗಾಡಿಯೊಂದು ಮಾರ್ಕೆಟ್ಟಿಗೆ ಬರುತ್ತಿತ್ತು. ಗಾಡಿಯವನು ನಮ್ಮ ಗಲ್ಲಿಯಲ್ಲೂ ಒಂದಿಷ್ಟು ಕೊತ್ತಂಬರಿ ಮಾರಿ ಹೋಗುವನು. ಅಕ್ಕ ಅವನಿಗೆ ಏನು ಹೇಳಿದರೋ, ಅವನು ದಾರಿಯಲ್ಲಿ ಅದಕ್ಕೆ ಏನು ಸೇರಿಸಿದನೋ. ಮುಂದಿನ ಮಂಗಳವಾರ ಮಾರ್ಕೆಟ್ಟು ಮುಗಿಸಿದ ಅದೇ ಗಾಡಿಯಲ್ಲಿ, ಉಳಿದ ಸೊಪ್ಪಿನ ಕಂತೆಗಳ ಮೇಲೆ ನನ್ನ ಅವ್ವ ಕುಳಿತು ಬಂದಳು. ಮಡಿಲಲ್ಲಿ ಕಾಲು ಕಟ್ಟಿದ ನಾಟಿಕೋಳಿ, ಪಕ್ಕದಲ್ಲಿ ರಾಗಿ ಹಿಟ್ಟಿನ ಗಂಟು, ಸೆರಗಿನ ತುದಿಯಲ್ಲಿ ಕಷಾಯದ ಬೇರು.

"ಎಷ್ಟು ದಿನದಿಂದ ಮಲಗವ್ಳೆ?" ಇಳಿಯುವ ಮೊದಲೇ ಕೇಳಿದಳು.

"ಬೆಳಿಗ್ಗೆಯಿಂದ ಅವ್ವಾ."

"ತಮಾಸೆ ಮಾಡ್ತೀಯೇನ್ಲಾ? ಜ್ವರ ಯಾವತ್ತು ಬಂತು?"

ಅವ್ವ ಒಳಗೆ ಹೋಗಿ ಸೊಸೆಯನ್ನು ಎಬ್ಬಿಸಿ, ಹಣೆ ಮುಟ್ಟಿ, ನಾಲಿಗೆ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಏನೂ ಸಿಗಲಿಲ್ಲ. ಆದರೂ ಬೇರು ತಂದಾಗಿತ್ತಲ್ಲ, ಕಷಾಯ ಕುಡಿಸಿದಳು. ಸೊಸೆ ಗುಟುಕು ಗುಟುಕಿಗೂ ಮುಖ ಕಿವುಚಿ ಕುಡಿದಳು. ಆ ಸಂಜೆ ನಾನು ಎಂದಿನಂತೆ ಭಟ್ಟಿಗೆ ಹೋದೆ.

ಬುಧವಾರ ಬೆಳಿಗ್ಗೆ ಬಂದು ನೋಡುತ್ತೇನೆ, ಅತ್ತೆ ಸೊಸೆ ಇಬ್ಬರೂ ಒಲೆಯ ಆಚೆ ಈಚೆ ಗೋಡೆಗೆ ಒರಗಿ ಕುಳಿತಿದ್ದಾರೆ. ಕಣ್ಣುಗಳು ಒಣಮೆಣಸಿನಕಾಯಿ. ಅವ್ವ ನನ್ನನ್ನು ನೋಡಿ, "ಬಂದೇನಪ್ಪಾ ಧಣಿ? ಕೈ ತೊಳ್ಕೊ. ಬೇಗ ಉಣ್ಣು. ಪ್ರಾಣ ಹೋಯ್ತಾ ಐತೆ ಇಲ್ಲಿ" ಎಂದಳು.

"ನೀವು ರಾತ್ರಿ ಉಣ್ಲಿಲ್ವಾ?"

"ಇವಳು ಉಂಡ್ರೆ ತಾನೆ ನಾನು ಉಣ್ಣೋದು! ಗಂಡ ಉಣ್ದೆ ನಾನೆಂಗೆ ಉಣ್ಲಿ ಅತ್ತೆ ಅಂತಾಳೆ. ಹಸ್ಕೊಂಡಿರೋ ಹೆಣ್ಣಿನ ಮುಂದೆ ನಾನೊಬ್ಳೇ ಮುದ್ದೆ ನುಂಗ್ಲಾ?"

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ನೆಲ ನೋಡುತ್ತಿದ್ದಳು. ಬಂದ ದಿನದಿಂದಲೂ ಅವಳು ರಾತ್ರಿ ಉಂಡಿರಲೇ ಇಲ್ಲ. ನಮ್ಮ ಕಡೆ ಗಂಡ ಉಂಡ ಮೇಲೇ ಹೆಂಡತಿ ಉಣ್ಣುವುದು. ನಾನು ಉಣ್ಣುವುದು ಬೆಳಿಗ್ಗೆಯಾದ್ದರಿಂದ ಅವಳ ರಾತ್ರಿಯೂಟವೂ ಬೆಳಿಗ್ಗೆಗೆ ಬಂದು ನಿಂತಿತ್ತು. ಖಾಲಿ ಹೊಟ್ಟೆಯಲ್ಲಿ ಮಲಗಿದರೆ ನಿದ್ದೆ ಬಾರದು. ಆ ಕಡೆ ಈ ಕಡೆ ಹೊರಳಿ, ಎದ್ದು ನೀರು ಕುಡಿದು, ಮತ್ತೆ ಹೊರಳಿ, ಕೋಳಿ ಕೂಗಿದ ಕೂಡಲೇ ಒಲೆ ಹಚ್ಚುತ್ತಿದ್ದಳು. ನಾನು ಗಟ್ಟಿಗಿತ್ತಿ ಎಂದು ಹಿಗ್ಗಿದ್ದು ರಾತ್ರಿಯೆಲ್ಲ ಉಪವಾಸ ಕುಳಿತವಳ ಹಸಿವನ್ನು ನೋಡಿ.

"ನನಗೆ ಹೇಳೋದಲ್ವಾ?" ಎಂದೆ.

"ಏನೂಂತ ಹೇಳ್ಲಿ? ನೀವು ಅಲ್ಲಿ ಬೆಂಕಿ ಮುಂದೆ ನಿಂತಿರ್ತೀರಿ. ನನಗೆ ಗಂಟ್ಲಲ್ಲಿ ಇಳಿಯಲ್ಲ ಅನ್ಲಾ?"

ಮೂವರೂ ಉಂಡೆವು. ಮೂವರೂ ಮಲಗಿದೆವು. ಬಿಸಿಲು ಇಳಿದ ಮೇಲೆ ಬಾಗಿಲು ತೆಗೆದು ನೋಡಿದರೆ ಪಕ್ಕದ ಅಕ್ಕನ ಬಾಗಿಲ ಮೇಲೆ ಬೇವಿನ ಸೊಪ್ಪು ತೂಗುತ್ತಿದೆ. ಅಕ್ಕ ಒಳಗಿನಿಂದಲೇ ಮಾತಾಡಿದರು.

"ತಂಬಿ, ನಿಮ್ಮಮ್ಮನಿಗೂ ಬಂತಂತೆ?"

"ಏನು ಬಂತು?"

"ಅದೇ, ಹಗಲು ಮಲಗೋದು. ನಿನ್ನೆ ಎಷ್ಟು ಚೆನ್ನಾಗಿದ್ರು ಪಾಪ. ಗಾಡಿಯಿಂದ ಹಾರಿ ಇಳಿದ್ರು. ಹತ್ತಿರ ಬರಬೇಡ, ಅಲ್ಲೇ ನಿಂತು ಹೇಳು."

ಒಳಗಿಂದ ಅವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಅವಳಿಗೆ ನಗು ಬರಲಿಲ್ಲ. ಊರಿನಲ್ಲಿ ಕೋಳಿಗಿಂತ ಮುಂಚೆ ಏಳುವವಳೆಂದು ಹೆಸರು ಮಾಡಿದ್ದ ಹೆಂಗಸು, ಮಗನ ಮನೆಗೆ ಬಂದ ಒಂದೇ ದಿನಕ್ಕೆ ಹಗಲು ಮಲಗುವ ರೋಗಿಷ್ಟೆಯಾಗಿದ್ದಳು. ಕೂದಲು ಗಂಟು ಹಾಕಿಕೊಂಡು ತೀರ್ಪು ಕೊಟ್ಟಳು.

"ಸುಕ್ರವಾರ ಗಾಡಿ ಬತ್ತದೆ. ಇವಳನ್ನ ಕರ್ಕೊಂಡು ಹೋಯ್ತೀನಿ. ಊರಾಗೆ ಹೊತ್ತೊತ್ತಿಗೆ ಉಂಡು ಹೊತ್ತೊತ್ತಿಗೆ ಮಲೀಕತಾಳೆ. ನೀನು ಹಗಲ ಕೆಲಸ ಹುಡುಕ್ಕೊಂಡಾಗ ಹೇಳು, ತಂದು ಬಿಡ್ತೀನಿ."

ಹಗಲ ಕೆಲಸ! ಭಟ್ಟಿಯನ್ನು ಬಿಟ್ಟು ಇನ್ನೊಬ್ಬನ ಅಂಗಡಿಯಲ್ಲಿ ಮೂಟೆ ಹೊರಲೇ? ಹೆಂಡತಿಯನ್ನು ಕಳಿಸಿ ಮತ್ತೆ ಒಬ್ಬನೇ ಬೆಳಿಗ್ಗೆ ತಣ್ಣಗಿನ ಒಲೆ ನೋಡಲೇ? ಅವಳನ್ನು ನೋಡಿದೆ. ಅವಳು ಅವ್ವನ ಬೆನ್ನ ಹಿಂದೆ ನಿಂತು ತಲೆಯನ್ನು ಸಣ್ಣಗೆ ಅಡ್ಡಡ್ಡ ಆಡಿಸುತ್ತಿದ್ದಳು. ಅವಳಿಗೂ ಹೋಗಲು ಮನಸ್ಸಿಲ್ಲ.

"ಅದಕ್ಕೇನಂತೆ," ಎಂದೆ ಗತ್ತಿನಿಂದ. "ಇವತ್ತಿನಿಂದ ನಾನು ಸಂಜೆಯೇ ಉಂಡು ಹೋಗ್ತೀನಿ. ಅಲ್ಲಿಗೆ ಮುಗೀತಲ್ಲ?"

ಭಟ್ಟಿಗೆ ಹೋಗುವ ಮುನ್ನ ಹೊಟ್ಟೆ ತುಂಬಿಸುವವನಲ್ಲ ನಾನು. ಹಾಗಾಗಿ ಗೋಡೆಗೆ ಒರಗಿ ಕುಳಿತು, ಬೆಳಿಗ್ಗೆ ತಂದ ಬ್ರೆಡ್ಡಿನ ಎರಡು ತುಂಡನ್ನು ಚಹಾದಲ್ಲಿ ಅದ್ದಿ ತಿಂದು, ಬಾಯಿ ಒರೆಸಿಕೊಂಡು, "ಆಯ್ತು ನನ್ನ ಊಟ. ಇನ್ನು ನೀವು ಉಣ್ಣಿ" ಎಂದೆ.

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು.

"ಅದು ಊಟವಾ?" ಎಂದಳು ಹೆಂಡತಿ.

"ಸೋಲ್ಜರುಗಳು ಇದನ್ನೇ ತಿಂದು ಯುದ್ಧ ಮಾಡ್ತಾರೆ ಕಣೇ."

"ಅದಕ್ಕೇ ಯುದ್ಧ ಇನ್ನೂ ಮುಗ್ದಿಲ್ಲ," ಎಂದಳು ಅವ್ವ. "ಏಳ್ಲಾ ಮೇಲೆ. ತಟ್ಟೆ ಮುಂದೆ ಕೂತ್ಕೊ."

ಆ ಹೊತ್ತಿಗೆ ನಾಟಿಕೋಳಿ ಸಾರಾಗಿತ್ತು. ಅವ್ವ ಬಡಿಸುತ್ತಾ ಹೋದಳು. ನಾನು ಸಾಕು ಎಂದಾಗಲೆಲ್ಲ ಸುಕ್ರವಾರದ ಗಾಡಿಯ ಮಾತು ತೆಗೆದಳು. ಎರಡನೆಯ ಮುದ್ದೆಯೂ ಹೋಯಿತು. ಎದ್ದಾಗ ನನ್ನ ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಬೇಕರಿಗೆ ಹೋಗುವ ದಾರಿ ಅಷ್ಟು ಉದ್ದವೆಂದು ನನಗೆ ಗೊತ್ತಾದದ್ದು ಅವತ್ತೇ.

ಆ ರಾತ್ರಿ ಭಟ್ಟಿಯ ಮುಂದೆ ನಾನು ನಿದ್ದೆ ಮಾಡಿದೆ ಎಂದು ಬೇಕರಿಯ ಸಾಹೇಬರು ಕೊನೆಯವರೆಗೂ ಹೇಳುತ್ತಿದ್ದರು. ನಾನು ಅದನ್ನು ಒಪ್ಪಿಲ್ಲ, ಈಗಲೂ ಒಪ್ಪುವುದಿಲ್ಲ. ಕಣ್ಣು ಮುಚ್ಚಿ ಕಾವು ನೋಡುತ್ತಿದ್ದೆ. ಗೊರಕೆಯ ಸದ್ದು ಕೇಳಿತು ಎಂದರು. ಸೌದೆ ಹಸಿಯಾಗಿತ್ತು, ಹಸಿ ಸೌದೆ ಸದ್ದು ಮಾಡುತ್ತದೆ. ಒಂದು ತಟ್ಟೆ ಬನ್ನಿನ ನೆತ್ತಿ ಮಾತ್ರ ಬೇಕಾದ್ದಕ್ಕಿಂತ ಕಪ್ಪಾಗಿತ್ತು, ಅದು ನಿಜ.

ಸಾಹೇಬರು ಒಳ್ಳೆಯ ಮನುಷ್ಯರು. ಕೂಗಾಡಲಿಲ್ಲ. ಸ್ಟೂಲು ಎಳೆದುಕೊಂಡು ಕುಳಿತು, "ಕ್ಯಾ ಮಿಸ್ತ್ರಿ, ಏನಾಯ್ತು? ಮದುವೆ ಆಗಿ ಎರಡು ತಿಂಗಳು ಸುಮ್ನೆ ಇದ್ದು ಈಗ ನಿದ್ದೆ ಬರ್ತದಾ?" ಎಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಗಂಭೀರವಾದರು.

"ನೋಡು ಭಾಯ್, ನಮ್ಮಲ್ಲಿ ರಂಜಾನ್‌ ಉಪವಾಸ, ರೋಜಾ ಇದ್ದಾಗ ಸಂಜೆ ಒಂದು ಖರ್ಜೂರ ಬಾಯಿಗೆ ಹಾಕಿದ್ರೆ ರೋಜಾ ಬಿಟ್ಟ ಹಾಗೆ. ಆಮೇಲೆ ನಮಾಜು. ಊಟ ಗೀಟ ಎಲ್ಲ ಆಮೇಲೆ. ಮೊದಲೇ ಹೊಟ್ಟೆ ತುಂಬಿಸ್ಕೊಂಡ್ರೆ ಬಗ್ಗೋಕೆ ಆಗಲ್ಲ. ನಿನಗೂ ಹಾಗೇ. ಭಟ್ಟಿ ಮುಂದೆ ಭಾರ ಹೊಟ್ಟೆ ಬೇಡ. ಇನ್ನೊಂದ್ಸಲ ಹಿಂಗಾದ್ರೆ ನಾನು ಬೇರೆಯವರನ್ನ ನೋಡ್ಬೇಕಾಗ್ತದೆ, ಬೇಜಾರು ಮಾಡ್ಕೋಬೇಡ."

ಗುರುವಾರ ಬೆಳಿಗ್ಗೆ ಮನೆಗೆ ಬಂದರೆ ಅಲ್ಲಿಯೂ ಸುಖವಿರಲಿಲ್ಲ. ಇಬ್ಬರೂ ಹೊಟ್ಟೆ ತುಂಬ ಉಂಡಿದ್ದರು, ನಿಜ. ಆದರೆ ಹಗಲೆಲ್ಲ ಮಲಗಿದ್ದವರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಊರಿನ ಎಲ್ಲರ ಮನೆಯ ವಿಷಯವನ್ನೂ ಮಾತಾಡಿ ಮುಗಿಸಿದ್ದರು. ನಾನು ಸಾಹೇಬರ ಎಚ್ಚರಿಕೆಯನ್ನು ಹೇಳಿದೆ. ಅವ್ವ ಹಣೆ ಚಚ್ಚಿಕೊಂಡಳು.

"ನೀನು ಉಂಡ್ರೆ ನಿನ್ನ ಕೆಲಸ ಹೋಯ್ತದೆ, ಉಣ್ದಿದ್ರೆ ಇವಳ ನಿದ್ದೆ ಹೋಯ್ತದೆ. ಇದು ಸಂಸಾರವಾ? ನಾಳೆ ಗಾಡಿ ಬರ್ಲಿ. ಇವಳ ಬಟ್ಟೆ ಗಂಟು ಕಟ್ತೀನಿ."

ಅವಳು ಹೇಳಿದ ಹಾಗೆ ಗಂಟು ಕಟ್ಟಿಯೂ ಬಿಟ್ಟಳು. ಅಷ್ಟೇ ಅಲ್ಲ, ಹಗಲಲ್ಲಿ ಕಣ್ಣು ಮುಚ್ಚಕೂಡದೆಂದು ಸೊಸೆಗೂ ತನಗೂ ಕಟ್ಟುನಿಟ್ಟು ಮಾಡಿದಳು. ಇಬ್ಬರೂ ಬಾಗಿಲಲ್ಲಿ, ಗಲ್ಲಿಯವರಿಗೆ ಕಾಣುವಂತೆ, ಮೊರ ಹಿಡಿದು ಹುರುಳಿ ಆರಿಸುತ್ತಾ ಕುಳಿತರು. ತೂಕಡಿಕೆ ಬಂದು ಮೊರದ ಹುರುಳಿ ಅಂಗಳಕ್ಕೆ ಚೆಲ್ಲಿದಾಗಲೆಲ್ಲ ಅಕ್ಕನ ಕಿಟಕಿ ಕಿರ್ ಎನ್ನುತ್ತಿತ್ತು.

ಸಂಜೆ ನಾನು ಎದ್ದಾಗ ಸಾಹೇಬರ ಖರ್ಜೂರದ ಮಾತನ್ನು ಅವ್ವನಿಗೆ ಹೇಳಿ ನೋಡಿದೆ. ಒಂದೇ ಒಂದು ತುತ್ತು ಉಂಡು ಹೋಗುತ್ತೇನೆ, ಅದನ್ನೇ ಊಟವೆಂದು ಲೆಕ್ಕ ಹಿಡಿಯಿರಿ, ಉಳಿದದ್ದನ್ನು ಬೆಳಿಗ್ಗೆ ಬಂದು ಉಣ್ಣುತ್ತೇನೆ ಎಂದೆ.

"ಅದು ಅವರ ಪದ್ಧತಿ. ನಮಗೆ ಬರಲ್ಲ," ಎಂದಳು ಅವ್ವ. "ಒಂದು ತುತ್ತು ಉಂಡವನನ್ನ ಉಂಡ ಅನ್ನೋಕಾಗುತ್ತಾ?"

ಅಲ್ಲಿಯವರೆಗೆ ಅತ್ತೆಗೆ ಎದುರಾಡದಿದ್ದ ನನ್ನ ಹೆಂಡತಿ ಕಂಬದ ಹಿಂದಿನಿಂದ ಮೆಲ್ಲಗೆ ಕೇಳಿದಳು:

"ಅತ್ತೆ, ಹಬ್ಬದಾಗೆ ದೇವರಿಗೆ ಎಡೆ ಇಡ್ತೀವಲ್ಲ. ದೇವರು ಪೂರ್ತಿ ಉಣ್ತಾನಾ?"

"ಅವನೆಲ್ಲಿ ಉಣ್ತಾನೆ. ಒಂದು ಅಗುಳೂ ಮುಟ್ಟಲ್ಲ."

"ಮತ್ತೆ ದೇವರಿಗೆ ಆಯ್ತು ಅಂತ ನಾವು ಉಣ್ತೀವಲ್ಲ? ಇವರು ಒಂದು ತುತ್ತಾದ್ರೂ ಉಣ್ತೀನಿ ಅಂತಾರೆ. ದೇವರಿಗಿಂತ ವಾಸಿ ಅಲ್ವಾ?"

ಅವ್ವ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು.

"ನೋಡ್ಲಾ, ನನ್ನಣ್ಣನ ಮಗಳು ನಿನ್ನನ್ನ ಕಲ್ಲುದೇವರು ಮಾಡ್ಬಿಟ್ಟಳು! ಕೂತ್ಕೊ ಹಂಗಾದ್ರೆ. ಇವತ್ತೊಂದು ರಾತ್ರಿ ನೋಡೇಬಿಡುವ. ಬೆಳಿಗ್ಗೆ ಇವಳ ಕಣ್ಣು ಕೆಂಪಗಿದ್ರೆ ಮಾತ್ರ ಗಾಡಿ ಹತ್ತಿಸ್ತೀನಿ, ಆಮೇಲೆ ತಕರಾರು ಮಾಡ್ಬಾರ್ದು."

ಬಾಳೆ ಎಲೆಯ ತುಂಡೊಂದನ್ನು ಹಾಕಿ, ಅದರ ಮೇಲೆ ಗುಬ್ಬಿ ಮೊಟ್ಟೆಯಷ್ಟು ಮುದ್ದೆ, ಎರಡು ಹನಿ ಸಾರು ಬಡಿಸಿದರು. ನಾನು ಪದ್ಮಾಸನ ಹಾಕಿ ಕುಳಿತು ಅದನ್ನು ನುಂಗಿದೆ. ಅವ್ವ ಗಂಟೆ ಆಡಿಸುವವಳಂತೆ ಕೈ ಅಲ್ಲಾಡಿಸಿದಳು. ಹೆಂಡತಿ ನಗುತ್ತಾ ನೀರು ಕೊಟ್ಟಳು. ನಾನು ಹಗುರ ಹೊಟ್ಟೆಯಲ್ಲಿ, ಭಾರ ಎದೆಯಲ್ಲಿ ಹೊರಟೆ.

ಅವತ್ತಿನ ಬ್ರೆಡ್ ಹೇಗೆ ಬಂತೆಂದು ಹೇಳಿಕೊಳ್ಳುವ ಅಗತ್ಯವಿಲ್ಲ. ಆದರೂ ಹೇಳುತ್ತೇನೆ, ಒಂದೊಂದೂ ಬಂಗಾರದ ಬಣ್ಣಕ್ಕೆ ಬಂದಿತ್ತು. ಸಾಹೇಬರು ಒಂದನ್ನು ತಟ್ಟಿ ನೋಡಿ ಏನೂ ಹೇಳದೆ ಒಳಗೆ ಹೋದರು. ಅವರು ಏನೂ ಹೇಳದೆ ಹೋದರೆ ಹೊಗಳಿದ ಹಾಗೆ. ಆದರೆ ನನ್ನ ಮನಸ್ಸೆಲ್ಲ ಹಲಸೂರಿನಲ್ಲಿತ್ತು. ಎಂದಿನಂತೆ ಚಾ ಕುಡಿಯಲು ನಿಲ್ಲದೆ ಬಿರಬಿರನೆ ನಡೆದೆ.

ಗಲ್ಲಿಯ ತಿರುವಿನಲ್ಲಿ ಆಗಲೇ ಸೊಪ್ಪಿನ ಗಾಡಿ ನಿಂತಿತ್ತು. ಮಾರ್ಕೆಟ್ಟಿಗೆ ಹೋಗಿ ಖಾಲಿಯಾಗಿ ಬಂದಿದ್ದ ಗಾಡಿಯವನು ನೊಗದ ಮೇಲೆ ಕುಳಿತು ಬೀಡಿ ಸೇದುತ್ತಿದ್ದ. "ನಿಮ್ಮವ್ವನಿಗೆ ಆಗ್ಲಿಂದ ಕೂಗ್ತಾ ಇದೀನಿ, ಬಾಗ್ಲೇ ತೆಗೀತಿಲ್ಲ" ಎಂದ.

ನಾನು ಹೋಗಿ ಬಾಗಿಲು ತಟ್ಟಿದೆ. ಒಳಗಿನಿಂದ ಅಗುಳಿ ಹಾಕಿತ್ತು. ಸದ್ದಿಲ್ಲ. "ಅವ್ವಾ" ಎಂದೆ. "ಇವಳೇ" ಎಂದೆ. ಇಲ್ಲ. ಗಾಡಿಯವನು ಬಂದು ನನ್ನ ಜೊತೆ ತಟ್ಟಿದ. ಬೇವಿನ ಸೊಪ್ಪಿನ ಕೆಳಗೆ ಅಕ್ಕ ಪ್ರತ್ಯಕ್ಷವಾದರು.

"ಐಯ್ಯೋ ತಂಬಿ, ಇಬ್ಬರೂನಾ?" ಎಂದು ಎದೆ ಮೇಲೆ ಕೈ ಇಟ್ಟುಕೊಂಡರು.

"ಬಾಯಿ ಮುಚ್ಚಿ ಅಕ್ಕಾ!" ಎಂದೆ. ಹೆಗಲು ಕೊಟ್ಟು ಬಾಗಿಲನ್ನು ನೂಕುವವನಿದ್ದೆ. ಅಷ್ಟರಲ್ಲಿ ಅಗುಳಿ ಸರಿಯಿತು. ಅವ್ವ ಕಾಣಿಸಿಕೊಂಡಳು. ಕೂದಲು ಕೆದರಿ, ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು.

"ಯಾಕ್ಲಾ ಬಾಗ್ಲು ಒಡೀತಿದೀಯ? ಮನೇಲಿ ಜನ ಮಲಗೋದು ಬೇಡವಾ?"

"ಬಿಸಿಲು ಬಂದೈತೆ ಅವ್ವಾ. ಗಾಡಿ ಬಂದೈತೆ."

ಅವ್ವ ಬಿಸಿಲನ್ನು ನೋಡಿದಳು, ಗಾಡಿಯನ್ನು ನೋಡಿದಳು, ಅಕ್ಕನನ್ನು ನೋಡಿದಳು. ಕೋಳಿ ಕೂಗಿದ್ದು ತನಗೆ ಕೇಳಿಸಲಿಲ್ಲವೆಂಬುದು ಅವಳಿಗೆ ನಿಧಾನವಾಗಿ ಹೊಳೆಯಿತು. ನನ್ನನ್ನು ಒಳಗೆ ಬಿಡದೆ ಬಾಗಿಲಿಗೆ ಅಡ್ಡ ನಿಂತು ಪಿಸುಗುಟ್ಟಿದಳು:

"ಹೊತ್ತು ಮುಳುಗ್ತಿದ್ದಂಗೆ ಉಂಡ್ವು. ಇವಳು ಕೈ ತೊಳ್ದೋಳು ಅಂಗೇ ಒರಗಿದ್ಳು. ಒಂದು ಸಲಾನೂ ಹೊರಳ್ಲಿಲ್ಲ. ಎಬ್ಬಿಸ್ಬೇಡ."

"ಅಮ್ಮಾ, ಹೊರಡೋಣ್ವಾ? ಸೊಸೆ ಎಲ್ಲಿ?" ಎಂದ ಗಾಡಿಯವನು.

"ಮಲಗಿರೋ ಹುಡುಗೀನ ಎಬ್ಬಿಸಿ ಗಾಡಿಗೆ ಹಾಕ್ಲೇನೋ? ನಾನೊಬ್ಳೇ ಬತ್ತೀನಿ, ನಡಿ."

ಅವ್ವ ಮುಖ ತೊಳೆದು, ತನ್ನ ಚೀಲ ತೆಗೆದುಕೊಂಡು, ಗಾಡಿ ಹತ್ತಿದಳು. ಹತ್ತಿದ ಮೇಲೆ ಅಕ್ಕನ ಕಡೆಗೆ ತಿರುಗಿ, "ತಾಯೀ, ಆ ಬೇವಿನ ಸೊಪ್ಪು ಕಿತ್ತಾಕಿ, ಒಣಗಿಹೋಗೈತೆ. ನಮ್ಮನೇಲಿ ಎಲ್ಲ ಗುಂಡುಕಲ್ಲಿದ್ದಂಗೆ ಅವ್ರೆ" ಎಂದಳು. ಅಕ್ಕ ನಂಬಿದರೋ ಇಲ್ಲವೋ, ತಲೆಯನ್ನಂತೂ ಆಡಿಸಿದರು.

ನಾನು ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಹೋದೆ. ಮೂಲೆಯಲ್ಲಿ ಅವ್ವ ಕಟ್ಟಿಟ್ಟಿದ್ದ ಬಟ್ಟೆಯ ಗಂಟೇ ತಲೆದಿಂಬಾಗಿತ್ತು. ಅದರ ಮೇಲೆ ಕೆನ್ನೆ ಒತ್ತಿ, ಬಾಯಿ ಅರ್ಧ ತೆರೆದು, ನನ್ನ ಹೆಂಡತಿ ಮಲಗಿದ್ದಳು. ಒಲೆ ತಣ್ಣಗಿತ್ತು. ನಾನು ಗಡಿಗೆಯ ಮುಚ್ಚಳವನ್ನು ಸದ್ದಾಗದಂತೆ ಸರಿಸಿ, ರಾತ್ರಿಯ ಮುದ್ದೆಯನ್ನು ತಣ್ಣನೆಯ ಸಾರಿನಲ್ಲಿ ಅದ್ದಿ, ನನ್ನ ಊಟಕ್ಕೆ ನಾನೇ ಕುಳಿತೆ. ಬಡಿಸುವವರಿಲ್ಲದೆ ಉಂಡದ್ದು ಮದುವೆಯಾದ ಮೇಲೆ ಅದೇ ಮೊದಲು. ಆದರೂ ಯಾವ ಕೊರತೆಯೂ ಅನ್ನಿಸಲಿಲ್ಲ.

ತಟ್ಟೆ ತೊಳೆಯಲು ಎದ್ದಾಗ ಅವಳು ಕಣ್ಣು ತೆರೆಯದೆಯೇ ಕೇಳಿದಳು.

"ಏನೂಂದ್ರೆ, ಗಾಡಿ ಹೋಯ್ತಾ?"

"ಹೋಯ್ತು."

"ಅತ್ತೆ?"

"ಅವ್ವನೂ ಹೋದಳು."

"ಹೂಂ" ಎಂದು, ಮಗ್ಗುಲು ಬದಲಾಯಿಸಿ, ಮತ್ತೆ ಮಲಗಿದಳು.